ಗುಂಡಿ ಒತ್ತುವ ಕೈ, ಮಡಿ ಉಟ್ಟ ಕಿವಿ

ಗುಂಡಿ ಒತ್ತುವವನು ಸಂಗೀತಗಾರನಲ್ಲ ಎಂದು ತೀರ್ಪು ಕೊಡುವವರು ಈಗ ಎಲ್ಲೆಲ್ಲೂ ಇದ್ದಾರೆ. ಡಿಜೆ ಅಂದ್ರೆ ಏನು ಸ್ವಾಮಿ, ಯಾರೋ ಹಾಡಿದ್ದನ್ನ, ಯಾರೋ ಬಾರಿಸಿದ್ದನ್ನ ಲ್ಯಾಪ್‌ಟಾಪಿಗೆ ತುಂಬಿಕೊಂಡು ಬಂದು ಕೈ ಮೇಲೆತ್ತಿ ಕುಣಿಯೋನು, ಅದೂ ಒಂದು ಕಛೇರಿಯೇ, ಅದೂ ಒಂದು ಸಾಧನೆಯೇ ಎಂದು ಕೇಳುತ್ತಾರೆ. ಹೀಗೆ ಕೇಳುವವರು ನಮಗೆ ಹೊಸಬರಲ್ಲ. ಇವರ ಅಪ್ಪಂದಿರು ನಮ್ಮ ಅಪ್ಪಂದಿರ ತಮಟೆ ಕೇಳಿ ಅದು ಸಂಗೀತವಲ್ಲ, ಬರೀ ಸದ್ದು ಅಂದಿದ್ದರು. ಈಗ ವಿಚಿತ್ರ ನೋಡಿ. ಅದೇ ಮನೆತನದ ಕಿವಿಗಳಿಗೆ ತಮಟೆ ಇದ್ದಕ್ಕಿದ್ದಂತೆ ಅಪ್ಪಟ ಜೀವಂತ ವಾದ್ಯವಾಗಿ ಕೇಳಿಸತೊಡಗಿದೆ. ಲ್ಯಾಪ್‌ಟಾಪನ್ನು ಹೊಡೆಯೋದಕ್ಕೆ ನಮ್ಮ ತಮಟೆಯನ್ನೇ ಕೋಲು ಮಾಡಿಕೊಂಡಿದ್ದಾರೆ. ಆ ಕೋಲನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಕೆಂದೇ ನಾವು ಇದನ್ನು ಬರೆಯುತ್ತಿದ್ದೇವೆ.

ಮೊದಲು ಅವರ ವೇದಿಕೆಯನ್ನೇ ನೋಡೋಣ. ಗಾಯಕರ ಹಿಂದೆ ಕೂತು ತಂಬೂರಿ ಮೀಟುತ್ತಿದ್ದ ಶಿಷ್ಯರು ಈಗ ಎಷ್ಟು ಕಛೇರಿಗಳಲ್ಲಿ ಉಳಿದಿದ್ದಾರೆ? ಆ ಜಾಗದಲ್ಲಿ ಒಂದು ಪುಟ್ಟ ಪೆಟ್ಟಿಗೆ ಕೂತಿದೆ. 1970ರ ದಶಕದ ಕೊನೆಯಿಂದ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತ ಬಂದ ರೇಡಲ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಅದು. ಮಾಡಿದವರು ಜಿ. ರಾಜನಾರಾಯಣ್, ಇಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಈಗ ಅದೂ ಬೇಡ, ಮೊಬೈಲಿನಲ್ಲೇ ಶ್ರುತಿ. ಗುಂಡಿ ಒತ್ತಿದರೆ ಮಂಗಳ ಹಾಡುವ ತನಕ ಅದರ ಪಾಡಿಗೆ ಅದು ನುಡಿಯುತ್ತದೆ. ಆದರೂ ಆ ಕಛೇರಿಯನ್ನು ಇದು ಜೀವಂತ ಸಂಗೀತವೋ ಅಲ್ಲವೋ ಎಂದು ಯಾರೂ ಕಟಕಟೆಗೆ ಹತ್ತಿಸಲಿಲ್ಲ. ಹತ್ತಿಸಬೇಕಾಗಿಯೂ ಇರಲಿಲ್ಲ. ನಾವು ಹೇಳೋದು ಇಷ್ಟೆ: ಗುಂಡಿಗೆ ತನ್ನದೇ ಆದ ಮೈಲಿಗೆ ಇಲ್ಲ, ಒತ್ತಿದ ಬೆರಳು ಯಾರದ್ದು ಅನ್ನೋದರ ಮೇಲೆ ಅದು ಅಂಟುತ್ತದೆ.

ಮೃದಂಗದ ಮಾತು ಬಂದರೆ ಇನ್ನೂ ಚೆನ್ನ. ಹಸು, ಮೇಕೆ, ಎಮ್ಮೆಯ ಚರ್ಮ ಹದ ಮಾಡಿ, ಕರಣೆ ಹಾಕಿ, ಗುಲಗಂಜಿಯಷ್ಟು ಅಪಸ್ವರವಿದ್ದರೂ ಕಿವಿಯಲ್ಲೇ ಹಿಡಿದು ತಿದ್ದುವ ಕೈ ದಲಿತರದ್ದು. ಅವನು ಕೆಲಸಗಾರ. ಬಾರಿಸಿದವನು ವಿದ್ವಾಂಸ. ಈ ಮಾತನ್ನು ಟಿ.ಎಂ. ಕೃಷ್ಣ ಪುಸ್ತಕ ಮಾಡಿ 2020ರಲ್ಲಿ ಹೊರತಂದಾಗ, ಬಿಡುಗಡೆಗೆ ಸಭಾಂಗಣ ಕೊಡುತ್ತೇವೆಂದಿದ್ದ ಚೆನ್ನೈನ ಕಲಾಕ್ಷೇತ್ರ ಕೊಟ್ಟ ಅನುಮತಿಯನ್ನೇ ವಾಪಸು ತಗೊಂಡಿತು. ಯಾವುದು ಸಂಗೀತ, ಯಾರು ಸಂಗೀತಗಾರ ಅನ್ನೋ ಪ್ರಶ್ನೆ ಎಷ್ಟು ಮುಗ್ಧವಾದದ್ದು ಅಂತ ಇದರಿಂದಲೇ ಗೊತ್ತಾಗುತ್ತೆ.

ಇನ್ನು ಡಿಜೆ ವಿದ್ಯೆ. ಅದು ಯಾರ ಕೇರಿಯಲ್ಲಿ ಹುಟ್ಟಿತು ಎಂದು ಕೇಳಿ. ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಹೆದ್ದಾರಿಗೆಂದು ಬಡವರ ಮನೆಗಳನ್ನು ಕೆಡವಿ ಹಾಕಿದ್ದ ಊರಿನಲ್ಲಿ. 1973ರ ಆಗಸ್ಟ್ 11ರ ರಾತ್ರಿ ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಠಾರದಲ್ಲಿ ಒಬ್ಬ ಕರಿಯ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳೋ ದುಡ್ಡಿಗಾಗಿ ಒಂದು ಕೂಟ ಮಾಡಿದಳು. ಹಾಡು ಹಾಕಿದವನು ಅವಳ ಅಣ್ಣ, ಜಮೈಕಾದಿಂದ ಬಂದಿದ್ದ ಕೂಲ್ ಹರ್ಕ್. ಜನ ಹಾಡಿಗಲ್ಲ, ಹಾಡು ನಿಂತು ಬರೀ ತಾಳ ಉಳಿಯೋ ಆ ನಾಲ್ಕಾರು ಕ್ಷಣಕ್ಕೆ ಹುಚ್ಚೆದ್ದು ಕುಣಿಯೋದನ್ನು ಅವನು ಕಂಡುಕೊಂಡಿದ್ದ. ಒಂದೇ ಹಾಡಿನ ಎರಡು ತಟ್ಟೆ ತಗೊಂಡು, ಒಂದು ಮುಗಿಯೋದರೊಳಗೆ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ, ಆ ಕ್ಷಣವನ್ನು ಮುಗಿಯದಂತೆ ಎಳೆದ. ಆಮೇಲೆ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಾಳ ಶುರುವಾಗುವ ಜಾಗಕ್ಕೆ ತಟ್ಟೆಯ ಮೇಲೆ ಬಣ್ಣದ ಗುರುತು ಹಾಕಿದ, ಒಂದು ಹಾಡು ಊರಿಗೆ ಕೇಳಿಸುತ್ತಿರುವಾಗಲೇ ಇನ್ನೊಂದನ್ನು ತಾನೊಬ್ಬನೇ ಕೇಳಿಕೊಳ್ಳೋ ಸ್ವಿಚ್ಚನ್ನು ತಾನೇ ಕಟ್ಟಿಕೊಂಡ. ಕೇಳೋದಕ್ಕೆಂದು ಮಾರಿದ ಯಂತ್ರವನ್ನು ಇವರು ನುಡಿಸೋ ವಾದ್ಯ ಮಾಡಿದರು.

ಅದೇ 1973ರ ನವೆಂಬರಿನಲ್ಲಿ ಇತ್ತ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದಕ್ಕೆ ಅವರ ಮಂತ್ರಿಗಿರಿ ಹೋಯಿತು, ನಮ್ಮ ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಅಲ್ಲಿನವರಿಗೆ ಇಲ್ಲಿನ ಸುದ್ದಿ ಗೊತ್ತಿರಲಿಲ್ಲ, ಇಲ್ಲಿನವರಿಗೆ ಅಲ್ಲಿನದು ಗೊತ್ತಿರಲಿಲ್ಲ. ಆದರೂ ಯಾವುದು ಕಲೆ ಅಂತ ನಿಶ್ಚಯಿಸೋ ಅಧಿಕಾರ ಯಾರದ್ದು ಅನ್ನೋ ಜಗಳ ಎರಡು ಕಡೆಯೂ ಒಂದೇ.

ಅಲ್ಲಿ ಏಟು ಬಿದ್ದದ್ದು 1979ರಲ್ಲಿ. ಜುಲೈ 12ರಂದು ಷಿಕಾಗೋದ ಬೇಸ್‌ಬಾಲ್ ಮೈದಾನದಲ್ಲಿ ಒಬ್ಬ ಬಿಳಿಯ ರೇಡಿಯೋದವನು ಡಿಸ್ಕೋ ತಟ್ಟೆಗಳನ್ನು ರಾಶಿ ಹಾಕಿ ಮದ್ದಿಟ್ಟು ಸಿಡಿಸಿದ. ಸಾವಿರಾರು ಜನ ಮೈದಾನಕ್ಕೆ ನುಗ್ಗಿದರು, ಮುಂದಿನ ಆಟವೇ ನಿಂತುಹೋಯಿತು. ಅಲ್ಲಿ ಕೂಲಿಗಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗ ಕಂಡದ್ದು ಬೇರೆ: ಜನ ಸುಡೋದಕ್ಕೆ ತಂದಿದ್ದು ಡಿಸ್ಕೋ ಮಾತ್ರ ಅಲ್ಲ, ಕರಿಯರು ಹಾಡಿದ ಯಾವ ತಟ್ಟೆಯಾದರೂ ಆಗುತ್ತಿತ್ತು. ಮುಂದೆ ಅದೇ ಊರಿನಲ್ಲಿ ಹೌಸ್ ಸಂಗೀತ ಕಟ್ಟಿದವರಲ್ಲಿ ಅವನೂ ಒಬ್ಬ. ಅದೇ ಷಿಕಾಗೋದ ಹುಡುಗರು, ಬಾಸ್ ಗಿಟಾರಿನ ಬದಲಿಗೆಂದು ಜಪಾನಿನ ಕಂಪನಿ ಮಾಡಿ, ಯಾರೂ ಕೊಳ್ಳದೆ 1984ರಲ್ಲಿ ನಿಲ್ಲಿಸಿದ್ದ ರೋಲ್ಯಾಂಡ್ 303 ಪೆಟ್ಟಿಗೆಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದು, ತಿರುಪುಗಳನ್ನು ಮನಸೋ ಇಚ್ಛೆ ತಿರುಗಿಸಿ, 1987ರ ಹೊತ್ತಿಗೆ ಲೋಕ ಕೇಳದ ನಾದ ತೆಗೆದರು. ಸತ್ತ ದನದ ಚರ್ಮದಲ್ಲಿ ತಮಟೆ ಕಟ್ಟಿದ ಜನಕ್ಕೆ ಇದು ಹೊಸದಾಗಿ ಕಾಣುತ್ತಾ? ಬಿಸಾಡಿದ್ದು ನಮ್ಮ ಪಾಲಿಗೆ ಬರೋದು, ನಮ್ಮ ಕೈಯಲ್ಲಿ ಅದು ಮಾತಾಡೋದು ಹಳೇ ಕತೆ.

ಸಾಫ್ಟ್‌ವೇರು ಬಂದ ಮೇಲೆ ಇದೆಲ್ಲ ಕೆಟ್ಟಿತು ಅನ್ನುತ್ತಾರೆ. ಏನು ಕೆಟ್ಟಿತು ನೋಡೋಣ. ಸೆರಾಟೊದಂಥ ವ್ಯವಸ್ಥೆಯಲ್ಲಿ ತಿರುಗೋ ತಟ್ಟೆಯೊಳಗೆ ಹಾಡಿಲ್ಲ, ಒಂದು ಸಂಕೇತ ಮಾತ್ರ ಇದೆ. ಕೈ ತಟ್ಟೆಯನ್ನು ಎಷ್ಟು ಸರಿಸಿತು ಅಂತ ಅದು ಲ್ಯಾಪ್‌ಟಾಪಿಗೆ ಹೇಳುತ್ತೆ, ಹಾಡು ಅಷ್ಟೇ ಸರಿಯುತ್ತೆ. ಕೈ ಅದೇ ಕೈ. 2001ರಲ್ಲಿ ಬಂದ ಏಬಲ್‌ಟನ್ ಲೈವ್ ಹಾಡನ್ನು ತುಂಡು ಮಾಡಿ, ಬೇಕಾದ ತುಂಡನ್ನು ಬೇಕಾದಾಗ ತಾಳಕ್ಕೆ ಸರಿಯಾಗಿ ಎಬ್ಬಿಸುತ್ತೆ. ಎರಡು ಹಾಡಿನ ವೇಗವನ್ನು ಯಂತ್ರವೇ ಹೊಂದಿಸುತ್ತೆ, ನಿಜ. ಆದರೆ ಮನುಷ್ಯ ಬಾರಿಸಿದ ಹಳೇ ಹಾಡಿನ ಲಯ ಗಡಿಯಾರದ ಹಾಗಿರಲ್ಲ, ಉಬ್ಬುತ್ತೆ, ಜಗ್ಗುತ್ತೆ. ಯಂತ್ರ ದಾರಿ ತಪ್ಪಿ ಎರಡಕ್ಕೆ ಒಂದು ಅಂತ ಲೆಕ್ಕ ಹಾಕುತ್ತೆ. ಆಗ ಹುಡುಗ ಕಿವಿಗೊಟ್ಟು ಒಂದೊಂದು ಪೆಟ್ಟಿಗೂ ಗುರುತು ಹಾಕುತ್ತ ಕೂರಬೇಕು. ಹುಲ್ಲಿನ ಬೆಂಕಿಗೆ ತಮಟೆ ಹಿಡಿದು, ತಟ್ಟಿ ಕೇಳಿ, ಇನ್ನೊಂದು ಚೂರು ಕಾಯಿಸಿ, ಮತ್ತೆ ತಟ್ಟುವ ಅಪ್ಪನ ಕಿವಿಯೇ ಅದು.

ಹಾಗಂತ ನಾವು ಎಲ್ಲ ಡಿಜೆಗಳ ವಕಾಲತ್ತು ಹಿಡಿದಿಲ್ಲ. ಕೆನಡಾದ ಡೆಡ್‌ಮೌಸ್ 2012ರಲ್ಲಿ ತಾನೇ ಒಪ್ಪಿಕೊಂಡ: ದೊಡ್ಡ ವೇದಿಕೆಗಳಲ್ಲಿ ತಾವೆಲ್ಲ ಮಾಡೋದು ಪ್ಲೇ ಗುಂಡಿ ಒತ್ತೋ ಕೆಲಸ, ದೀಪ, ಚಿತ್ರ ಎಲ್ಲ ಮೊದಲೇ ಜೋಡಿಸಿದ್ದು ಅಂತ. ಅವನ ಪ್ರಾಮಾಣಿಕತೆಗೆ ಶರಣು. ಪಟಾಕಿ ಯಾವ ನಿಮಿಷಕ್ಕೆ ಸಿಡಿಯಬೇಕು ಅಂತ ಮೊದಲೇ ಬರೆದಿಟ್ಟ ಮೇಲೆ ಎದುರಿಗಿರೋ ಜನ ಅತ್ತರೂ ಅಷ್ಟೆ, ನಕ್ಕರೂ ಅಷ್ಟೆ. ಅದನ್ನು ನಾವೂ ಜೀವಂತ ಸಂಗೀತ ಅನ್ನೋದಿಲ್ಲ. ನಮ್ಮ ಅಳತೆ ಒಂದೇ: ಎದುರಿಗಿರೋರ ಕಾಲು ಬದಲಾದರೆ ನಿನ್ನ ಕೈ ಬದಲಾಗುತ್ತಾ, ತಪ್ಪಿದರೆ ತಪ್ಪು ಎಲ್ಲರ ಮುಂದೆ ಕೇಳಿಸುತ್ತಾ? ಈ ಅಳತೆಯಲ್ಲಿ ಕೋಟಿ ಎಣಿಸೋ ವೇದಿಕೆಗಳು ಎಷ್ಟೋ ಬಿದ್ದುಹೋಗುತ್ತವೆ, ಗಲ್ಲಿಯ ಹುಡುಗ ಗೆಲ್ಲುತ್ತಾನೆ. ಮೂವತ್ತು ವರ್ಷದಿಂದ ಅದೇ ಕೀರ್ತನೆಯನ್ನು ಅದೇ ಸಂಗತಿಗಳ ಸಮೇತ ಒಪ್ಪಿಸುವ ಕೆಲವು ವಿದ್ವಾಂಸರೂ ಬೀಳುತ್ತಾರೆ, ಆ ಮಾತು ಇರಲಿ. ಎದೆ ನಡುಗಿಸುವ ಸದ್ದಿನ ವಿಚಾರ ಬೇರೆ. ಅದಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳಿವೆ, ಅವು ಎಲ್ಲ ದೇವರ ಮೈಕಿಗೂ ಒಂದೇ ಆಗಲಿ.

ನಮ್ಮ ಗೆಳೆಯರಲ್ಲೇ ಕೆಲವರು ಕೇಳುತ್ತಾರೆ, ಡಿಜೆ ಬಂದು ತಮಟೆಯವರ ಅನ್ನ ಹೋಯಿತಲ್ಲ ಅಂತ. ಈ ಪ್ರಶ್ನೆ ಮಡಿವಂತರದ್ದಲ್ಲ, ಹೊಟ್ಟೆಯದ್ದು, ಇದಕ್ಕೆ ನಾವು ತಲೆಬಾಗುತ್ತೇವೆ. ಆದರೆ ಸಾವಿಗೆ, ಜಾತ್ರೆಗೆ ಬಿಟ್ಟಿ ಬಡಿಯೋದಿಲ್ಲ ಅಂತ ಎಷ್ಟೋ ಕೇರಿಗಳಲ್ಲಿ ತಮಟೆ ಕೆಳಗಿಟ್ಟವರೂ ನಮ್ಮವರೇ ಅನ್ನೋದನ್ನು ಮರೆಯಬಾರದು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ನಮಗೆಲ್ಲ ಹೆಮ್ಮೆ. ಪದಕ ಒಬ್ಬರಿಗೆ ಬಂತು, ಕೂಲಿ ಎಷ್ಟು ಜನಕ್ಕೆ ಏರಿತು? 1942ರ ಆಗಸ್ಟಿನಲ್ಲಿ ಅಮೆರಿಕದ ವಾದ್ಯಗಾರರ ಸಂಘ ಧ್ವನಿಮುದ್ರಣವನ್ನೇ ಬಹಿಷ್ಕರಿಸಿ ಎರಡು ವರ್ಷಕ್ಕೂ ಮೀರಿ ಮುಷ್ಕರ ಹೂಡಿತ್ತು. ತಟ್ಟೆ ಸಂಗೀತ ಹೌದೋ ಅಲ್ಲವೋ ಅಂತ ಶಾಸ್ತ್ರ ಕೇಳುತ್ತ ಕೂರಲಿಲ್ಲ. ತಟ್ಟೆ ಮಾರಿ ಬಂದ ದುಡ್ಡಿನಲ್ಲಿ ಕೆಲಸ ಕಳಕೊಂಡ ವಾದ್ಯಗಾರರ ನಿಧಿಗೆ ಪಾಲು ಕೊಡಿ ಅಂದರು. ಕಂಪನಿಗಳು ಒಂದೊಂದಾಗಿ ಬಗ್ಗಿದವು.

ಆದ್ದರಿಂದ ಈ ಮಾತನ್ನು ನಮ್ಮ ಕೇರಿಯ ಜಯಂತಿ ಸಮಿತಿಗಳಿಗೂ ಸೇರಿಸಿಯೇ ಹೇಳುತ್ತಿದ್ದೇವೆ. ಏಪ್ರಿಲ್ 14ರ ಮೆರವಣಿಗೆಗೆ ಸಾವಿರಗಟ್ಟಲೆ ಕೊಟ್ಟು ಡಿಜೆ ಲಾರಿ ತರಿಸುತ್ತೀರಿ. ದುಡ್ಡು ಲಾರಿ ಮಾಲೀಕನ ಜೇಬಿಗೆ ಹೋಗುತ್ತೆ, ರಾತ್ರಿಯಿಡೀ ನಿಂತು ನುಡಿಸಿದ ಹುಡುಗನಿಗೆ ಒಂದು ಬಿರಿಯಾನಿ ಪೊಟ್ಟಣ. ಲಾರಿಯ ಹಿಂದೆ ತಮಟೆ ಹೆಗಲಿಗೆ ಹಾಕಿಕೊಂಡು ನಡೆಯೋ ಅವನ ಅಪ್ಪನಿಗೆ ಅದೂ ಇಲ್ಲ. ಈ ವರ್ಷದ ಲೆಕ್ಕಪತ್ರದಲ್ಲಿ ಅಪ್ಪನ ಹೆಸರು, ಮಗನ ಹೆಸರು, ಇಬ್ಬರ ಕೂಲಿ ಬರೆದು ಚಾವಡಿಯ ಗೋಡೆಗೆ ಅಂಟಿಸಿ.