ಚಿತ್ರದ ಕೆಳಗೆ ಊರಿನ ಹೆಸರಿರಲಿ

ಆಟಿಯ ಮಳೆಯ ನಡುವೆ ಕಳೆದ ವಾರ ಹೊಸೂರು ಸಮೀಪದ ಅವಲಪಲ್ಲಿಯ ಕನ್ನಡ ಕುಟುಂಬವೊಂದು ನಮ್ಮ ಕರಾವಳಿಯನ್ನು ನೋಡಲು ಬಂದಿತ್ತು. ಅವರೊಡನೆ ಎರಡು ದಿನ ತಿರುಗಾಡುವ ಅವಕಾಶ ನಮಗೆ ದೊರೆಯಿತು. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ರಾಗಿಹೊಲಗಳ ನಾಡಿನಿಂದ ಬಂದ ಅವರಿಗೆ, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನಾಡಿನ ರೀತಿ ಹೊಸದು. ಬೇಕಲದ ಕೋಟೆಯಲ್ಲಿ ಒಂದು ಗಳಿಗೆ ಬಿಸಿಲು. ಮರುಗಳಿಗೆಗೆ ಕಡಲ ಮೇಲಿಂದ ಓಡಿ ಬರುವ ಮಳೆ. ಬಿಸಿಲು ನಿಲ್ಲಲಿ ಎಂದು ಕಾದವನಿಗೆ ಇಲ್ಲಿ ಚಿತ್ರ ಸಿಗದು. ಮಳೆ ಬಿಟ್ಟ ಕೂಡಲೇ ಆಕಾಶ ತೊಳೆದಂತಾಗಿ, ನೆನೆದ ಮುರಕಲ್ಲಿನ ಕೆಂಪು ಮೇಲೆದ್ದು ಕಾಣುವ ಆ ಐದು ನಿಮಿಷವೇ ಛಾಯಾಗ್ರಾಹಕನ ಭಾಗ್ಯ.

ಮರುದಿನ ಹೊಸದುರ್ಗದ ಕೋಟೆಯ ಚಿತ್ರ ತೆಗೆದ ಆ ಮನೆಯ ಹುಡುಗ, ಮೊಬೈಲನ್ನು ನಮ್ಮ ಮುಂದೆ ಹಿಡಿದು, "ಮೇಷ್ಟ್ರೇ, ಇದರ ಕೆಳಗೆ ಯಾವ ಹೆಸರು ಬರೀಲಿ?" ಎಂದು ಕೇಳಿದ. ಯಂತ್ರ ತಾನೇ ಒಂದು ಹೆಸರನ್ನು ಸೂಚಿಸಿತ್ತು, ಅದು ಹೊಸದುರ್ಗವಾಗಿರಲಿಲ್ಲ.

ಪ್ರಶ್ನೆ ಸಣ್ಣದಲ್ಲ. ಇಕ್ಕೇರಿಯ ಸೋಮಶೇಖರ ನಾಯಕ ಕಟ್ಟಿಸಿದ ಹೊಸ ಕೋಟೆಯಿಂದ ಆ ಊರಿಗೆ ಹೊಸದುರ್ಗವೆಂಬ ಹೆಸರು ಬಂತು. ಮಲಯಾಳದ ಪುದಿಯಕೋಟ ಎಂಬ ಹೆಸರಿಗೂ ಅದೇ ಅರ್ಥ. ಅತಿಥಿಗಳ ಹೊಸೂರು ಎಂಬ ಹೆಸರಿನಲ್ಲಿರುವುದೂ ನಮ್ಮ 'ಹೊಸ' ಎಂಬ ಮಾತೇ. ಅವಲಪಲ್ಲಿಯ 'ಪಲ್ಲಿ'ಯಾದರೋ ತೆಲುಗಿನವರಿಗೆ ತಮ್ಮದು. ನಮ್ಮ 'ಹಳ್ಳಿ'ಯ ಹಿಂದಿನ ರೂಪವೂ 'ಪಳ್ಳಿ'. ಗಡಿನಾಡಿನ ಊರಿಗೆ ಎರಡು ಹೆಸರಿರುವುದು ಸಹಜ. ನೆರೆಯವರ ಹೆಸರಿನ ಮೇಲೆ ನಮಗೆ ಮುನಿಸಿಲ್ಲ. ಎರಡರಲ್ಲಿ ಒಂದು ಮರೆತುಹೋಗಬಾರದೆಂಬುದಷ್ಟೇ ನಮ್ಮ ಚಿಂತೆ.

2021ರ ಜೂನಿನಲ್ಲಿ ನಮ್ಮ ಜಿಲ್ಲೆಯ ಊರುಗಳ ಕನ್ನಡ ಹೆಸರುಗಳನ್ನು ಬದಲಾಯಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿ, ಕರ್ನಾಟಕದ ನಾಯಕರು ಪತ್ರ ಬರೆದರು. ಅಂಥ ಪ್ರಸ್ತಾಪವೇ ಇಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಆ ಗದ್ದಲ ಅಡಗಿತು. ಆದರೆ ಹೆಸರು ಅಳಿಯಲು ಆದೇಶವೇ ಬೇಕೆಂದಿಲ್ಲ, ನಾವು ಬರೆಯದಿದ್ದರೆ ಸಾಕು ಎಂಬುದನ್ನು ಅಂದು ಯಾರೂ ಹೇಳಲಿಲ್ಲ. 1995ರ 'ಬಾಂಬೆ' ಚಿತ್ರದ ಹಾಡಿನಲ್ಲಿ ಮಳೆಯಲ್ಲಿ ನೆನೆದ ಬೇಕಲವನ್ನು ದೇಶವೇ ಕಂಡಿತು. ಅದನ್ನು ಕಂಡವರಲ್ಲಿ ಎಷ್ಟು ಮಂದಿಗೆ ಕೆಳದಿಯ ಶಿವಪ್ಪ ನಾಯಕನ ಹೆಸರು ತಿಳಿದಿತ್ತು? ಚಿತ್ರ ಊರೂರು ಸುತ್ತಿತು, ಚರಿತ್ರೆ ಕೋಟೆಯೊಳಗೇ ಉಳಿಯಿತು.

ಹೆಸರಿನಂತೆ ನೋಟವೂ ಶಾಶ್ವತವಲ್ಲ. ಅನಂತಪುರದ ಸರೋವರದಲ್ಲಿ ಭಕ್ತರು ಕಾಣುತ್ತಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ಕಣ್ಮುಚ್ಚಿತು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಿಂದ ತಲಪಾಡಿಯ ಈಚೆಯ ದಾರಿಬದಿಯ ಗುರುತೇ ಬದಲಾಯಿತು. ಉಪ್ಪಳ ಮುಸೋಡಿಯ ದಡವನ್ನು ಕಡಲು ಕೊರೆಯುತ್ತಿದೆ. ಅವಲಪಲ್ಲಿಯವರೂ ತಮ್ಮಲ್ಲಿ ಹೊಲಗಳು ಬಡಾವಣೆಗಳಾದುದನ್ನು ಹೇಳಿ ನಿಟ್ಟುಸಿರುಬಿಟ್ಟರು. ಹಳೆಯ ಚಿತ್ರವೊಂದೂ ಅವರ ಬಳಿ ಇರಲಿಲ್ಲ.

ಆದುದರಿಂದ ನಮ್ಮ ಮನೆಗಳಿಗೂ ಶಾಲೆಗಳಿಗೂ ಒಂದು ಸಲಹೆ. ಇಂದು ಪ್ರತಿ ಮನೆಯಲ್ಲೂ ಕ್ಯಾಮರವಿದೆ. ಮಕ್ಕಳು ತಮ್ಮ ಊರಿನ ಹೊಳೆ, ಗುಡ್ಡ, ಗದ್ದೆ, ಕಟ್ಟೆಗಳನ್ನು ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಚಿತ್ರಿಸಲಿ. ಕೆಳಗೆ ಊರಿನ ಹೆಸರು, ತಾರೀಕು, ಅಂದಿನ ಹವೆಯನ್ನು ಕನ್ನಡದಲ್ಲಿ ಬರೆಯಲಿ. ಗದ್ದೆಯ ಹೆಸರನ್ನು ಅಜ್ಜಿಯಲ್ಲಿ ಕೇಳಿ ಬರೆದರೆ ಇನ್ನೂ ಮೇಲು. ಪೊಸಡಿಗುಂಪೆಯಂತಹ ತುಳು ಹೆಸರನ್ನು ಹಾಗೆಯೇ ಇರಿಸಲಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಕೋಟೆಗೋಡೆಯನ್ನು ಹತ್ತುವುದು, ತೆರೆಗೆ ಬೆನ್ನು ಹಾಕಿ ನಿಲ್ಲುವುದು ಮಾತ್ರ ಬೇಡ. ಯಾವ ಚಿತ್ರವೂ ಪ್ರಾಣಕ್ಕಿಂತ ದೊಡ್ಡದಲ್ಲ.

ಆ ಹುಡುಗ ಯಂತ್ರ ಕೊಟ್ಟ ಹೆಸರನ್ನು ಅಳಿಸಲಿಲ್ಲ. ಅದರ ಪಕ್ಕದಲ್ಲಿ 'ಹೊಸದುರ್ಗ' ಎಂದು ಬರೆದ. ನಾವು ಕೇಳುವುದೂ ಅಷ್ಟೇ.