ಹಳೇ ಮನೆ ಖಾಲಿ ಮಾಡುವ ಮುಂಚೆ ಅಜ್ಜಿಯನ್ನು ಒಂದು ಮಾತು ಕೇಳಿ

ಕಳೆದ ದೀಪಾವಳಿಗೆ ಮುಂಚೆ ನಮ್ಮ ನಡುಮನೆಯಿಂದ ಪತ್ತಾಯ ಹೊರಗೆ ಹೋಯಿತು. ಪತ್ತಾಯ ಅಂದರೆ ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ನಮ್ಮದು ಹಲಸಿನ ಹಲಗೆಯದು, ಎದೆಮಟ್ಟ ಎತ್ತರ. ಗದ್ದೆಗೆ ಅಡಿಕೆ ಸಸಿ ಹಾಕಿದ ಮೇಲೆ ಅದರೊಳಗೆ ಭತ್ತ ಇರಲಿಲ್ಲ. ಹರಿದ ಕಂಬಳಿ, ತೂತು ಬಿದ್ದ ಕೊಡಪಾನ, ಇಲಿ ಹಿಕ್ಕೆ ಇಷ್ಟೇ ಇದ್ದದ್ದು. ಬೆಂಗಳೂರಿನಿಂದ ಬಂದ ಅಣ್ಣ "ಸುಮ್ನೆ ಜಾಗ ತಿಂತಾ ಇದೆ" ಅಂದ. ನಾನೂ ಹೌದು ಅಂದೆ. ಹಳೇ ಸಾಮಾನು ಕೊಳ್ಳುವವರು ಬಂದರು, ನಾಲ್ಕು ಜನ ಎತ್ತಿ ಪಿಕಪ್‌ಗೆ ಹಾಕಿಕೊಂಡು ಹೋದರು. ಆ ಜಾಗಕ್ಕೆ ಸೋಫಾ ಸೆಟ್ ಬಂತು, ಅದರ ಮುಂದೆ ಗಾಜಿನ ಟೀಪಾಯಿ. ಮನೆ ದೊಡ್ಡದಾದ ಹಾಗೆ ಕಂಡಿತು.

ಹನ್ನೊಂದನೇ ದಿನ ರಾತ್ರಿ ಅಜ್ಜಿ ಬಿದ್ದಳು.

ಬಚ್ಚಲಿಗೆ ಹೋಗಲು ಎದ್ದಿದ್ದಳು. ಒಂದು ಕಣ್ಣಿನ ಪೊರೆ ತೆಗೆಸಿದ್ದೇವೆ, ಇನ್ನೊಂದು ಕಣ್ಣು ಮಂಜು. ಆದರೆ ಅವಳು ಯಾವತ್ತೂ ಲೈಟ್ ಹಾಕಿಕೊಂಡು ಹೋದವಳಲ್ಲ. ಮಂಚ ಬಿಟ್ಟು ಎರಡು ಹೆಜ್ಜೆಗೆ ಗೋಡೆ, ಗೋಡೆ ಮುಗಿದರೆ ಪತ್ತಾಯದ ಮೂಲೆ, ಪತ್ತಾಯ ಸವರಿಕೊಂಡು ಹೋದರೆ ಕಂಬ, ಕಂಬದಿಂದ ಹಿಂಬಾಗಿಲು. ಅರವತ್ತು ವರ್ಷ ಹಾಗೇ ಓಡಾಡಿದ್ದಾಳೆ. ಆ ರಾತ್ರಿ ಗೋಡೆ ಮುಗಿದ ಮೇಲೆ ಕೈಗೆ ಏನೂ ಸಿಗಲಿಲ್ಲ. ಮುಂದೆ ವಾಲಿದಳು, ಟೀಪಾಯಿ ಕಾಲಿಗೆ ಬಡಿಯಿತು. ಮುಂಗೈ ಮೂಳೆ ಮುರಿಯಿತು.

"ಪತ್ತಾಯ ಹೋಗಿದ್ದು ನಿಂಗೆ ಗೊತ್ತಿತ್ತಲ್ಲ ಅಜ್ಜಿ?" ಅಂದೆ.

"ಹಗಲು ಗೊತ್ತಿತ್ತೇ ಮಾರಾಯ್ತಿ. ರಾತ್ರಿ ಕೈಗೆ ಮರ್ತು ಹೋಯ್ತು" ಅಂದಳು.

ಮೂಳೆ ಈಗ ಕೂಡಿಕೊಂಡಿದೆ. ಆದರೆ ಅವಳು ಒಬ್ಬಳೇ ಏಳಲು ಹೆದರುತ್ತಾಳೆ. ರಾತ್ರಿ ಅಮ್ಮನನ್ನು ಕೂಗುತ್ತಾಳೆ. ಒಂದು ಪೆಟ್ಟಿಗೆ ಹೊರಗೆ ಹಾಕಿದ್ದಕ್ಕೆ ಇಬ್ಬರ ನಿದ್ದೆ ಹೋಯಿತು.

ನಮ್ಮೂರಿನಲ್ಲಿ ಮಾತ್ರ ನಡೆಯುವ ವಿಷಯ ಇದಲ್ಲ. ಬೀಳುವುದರಿಂದ ಜಗತ್ತಿನಲ್ಲಿ ಅತಿ ಹೆಚ್ಚು ಸಾಯುವವರು 60 ದಾಟಿದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾವು ಬಾವಿಕಟ್ಟೆಯಲ್ಲಿ, ಅಡಿಕೆ ಮರದಲ್ಲಿ ಅಪಾಯ ನೋಡುತ್ತೇವೆ. ನಡುಮನೆಯಲ್ಲಿ ನೋಡುವುದಿಲ್ಲ.

ಹಾಗಂತ ಹಳೇದು ಏನನ್ನೂ ಮುಟ್ಟಬಾರದು ಎಂದು ನಾನು ಹೇಳುತ್ತಿಲ್ಲ. ಅಮ್ಮನನ್ನು ಕೇಳಿದರೆ ಪತ್ತಾಯ ಹೋಗಿದ್ದೇ ಒಳ್ಳೆಯದಾಯಿತು ಅನ್ನುತ್ತಾಳೆ. ಮದುವೆಯಾಗಿ ಬಂದಾಗಿನಿಂದ ಅದರ ಅಡಿ ಗುಡಿಸಿದವಳು, ಇಲಿ ಸತ್ತು ನಾರಿದಾಗ ಹುಡುಕಿ ತೆಗೆದವಳು ಅವಳೇ. ಹಳೇ ಮನೆ ಚಂದ ಎಂದು ಫೋಟೋ ಹಾಕುವವರು ಮಳೆಗಾಲದಲ್ಲಿ ಬಂದು ಬೂಸಲು ಒರೆಸುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಕಟ್ಟಿದರು. ಅದು ದೊಡ್ಡ ಕೆಲಸ. ಆದರೆ ನಾವು ಬದುಕುವ ಮನೆ ಮ್ಯೂಸಿಯಂ ಅಲ್ಲ. ಕಸ ತೆಗೆಯಲೇಬೇಕು, ಗಾಳಿ ಬೆಳಕು ಬರಲೇಬೇಕು.

ನನ್ನ ತಕರಾರು ಬೇರೆ. ನಾವು ಮನೆ ಜೋಡಿಸುವುದು ಯಾರಿಗೋಸ್ಕರ?

ನಿಮ್ಮ ಮನೆಯನ್ನೇ ನೋಡಿ. ಸೋಫಾ ಟಿವಿಗೆ ಮುಖ ಮಾಡಿದೆ. ಅದರಲ್ಲಿ ಕೂರುವವರು ಹಬ್ಬಕ್ಕೆ, ಮದುವೆ ಕರೆಯಕ್ಕೆ ಬರುವ ನೆಂಟರು. ದಿನವಿಡೀ ಮನೆಯಲ್ಲಿರುವ ಅಜ್ಜಿ ಕಂಬಕ್ಕೆ ಒರಗಿ ನೆಲದ ಮೇಲೆ ಕೂರುತ್ತಾಳೆ. ಅಮ್ಮ ಅಡುಗೆಮನೆ ಹೊಸ್ತಿಲ ಹತ್ತಿರ ಮಣೆ ಹಾಕಿಕೊಳ್ಳುತ್ತಾಳೆ. ಸೋಫಾ ತೀರಾ ತಗ್ಗು, ಕೂತರೆ ಮಂಡಿ ನೋವಿರುವವರಿಗೆ ಏಳಲು ಆಗುವುದಿಲ್ಲ. ಗಾಳಿ ಬರುವ ಒಂದೇ ಕಿಟಕಿಗೆ ಬೀರು ಅಡ್ಡ ನಿಂತಿರುತ್ತದೆ. ಅಜ್ಜನ ಮಂಚ ಮಾತ್ರ "ನೋಡೋಕೆ ಚೆನ್ನಾಗಿರಲ್ಲ" ಅಂತ ಹಿಂದಿನ ಕತ್ತಲೆ ಕೋಣೆಗೆ ಹೋಗಿರುತ್ತದೆ. ವರ್ಷಕ್ಕೆ ಎರಡು ದಿನ ಬರುವವರಿಗೆ ಮನೆ ಜೋಡಿಸಿ, ಉಳಿದ ದಿನ ಅಲ್ಲೇ ಇರುವವರನ್ನು ಮೂಲೆಗೆ ಸರಿಸುತ್ತೇವೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಹೇಳುವವರೂ ಎರಡು ದಿನಕ್ಕೆ ಬಂದವರೇ.

ಕೇಳದೆ ಎಸೆದರೆ ಹೋಗುವುದು ಮರ ಮಾತ್ರ ಅಲ್ಲ. ಅದೇ ವಾರ ಅಟ್ಟದ ಮೇಲಿನ ತಗಡಿನ ಟ್ರಂಕನ್ನೂ ಇಳಿಸಿದ್ದೆವು. ಒಳಗೆ ಹಳೇ ಪಂಚಾಂಗ, ಸೊಸೈಟಿ ರಸೀದಿ, ಇಲಿ ಕಡಿದ ಕಾಗದ. ಎಲ್ಲ ಬಚ್ಚಲ ಒಲೆಗೆ ಎಂದು ರಾಶಿ ಹಾಕಿದ್ದೆ. ಅಜ್ಜಿಗೆ ಓದಲು ಬಾರದು. ರಾಶಿಯ ಹತ್ತಿರ ಕೂತು ಕೈಯಲ್ಲಿ ಒಂದೊಂದೇ ಸವರುತ್ತಾ ಒಂದು ಕಾಗದ ತೆಗೆದು "ಇದು ಸುಡಬೇಡ, ಭೂಮಿ ಕಾಗದ" ಅಂದಳು. ಮೊಹರಿನ ಮೇಲೆ ಗುರುತು ಹಿಡಿದಿದ್ದಳು. ಅದು ನಮೂನೆ 10.

ಕಿರಿಯರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಗೇಣಿಗೆ ಗದ್ದೆ ಮಾಡುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯಲ್ಲಿ ತೀರ್ಮಾನವಾಗಿ ಅಧಿಭೋಗದ ಹಕ್ಕು ಸಿಕ್ಕಿದವರಿಗೆ ನಮೂನೆ 10ರ ಪ್ರಮಾಣಪತ್ರ ಬಂತು. 1951ರ ಕಾಗೋಡು ಸತ್ಯಾಗ್ರಹ ನಡೆದ ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಅನ್ನದ ಮೂಲ ಆ ಒಂದು ಹಾಳೆ. ಪಹಣಿ ಈಗ ಮೊಬೈಲಿನಲ್ಲೇ ಸಿಗುತ್ತದೆ ನಿಜ. ಆದರೆ ಜಮೀನು ನಮಗೆ ಹೇಗೆ ಬಂತು ಎಂದು ತಕರಾರು ಎದ್ದರೆ ಹಳೇ ಕಾಗದವನ್ನೇ ಕೇಳುತ್ತಾರೆ. ಎಂ.ಎ. ಓದಿದ ನಾನು ಅದನ್ನು ಒಲೆಗೆ ಹಾಕುವವಳಿದ್ದೆ.

ಇನ್ನು ಮಾರುವ ವಿಷಯ. ಮನೆಗೆ ಬರುವ ವ್ಯಾಪಾರಿಗೆ ಬೀಟೆ ಯಾವುದು, ಹೊನ್ನೆ ಯಾವುದು ಎಂದು ನಮಗಿಂತ ಚೆನ್ನಾಗಿ ಗೊತ್ತು. ನಾವು "ಹಳೇ ಮರ" ಅನ್ನುತ್ತೇವೆ, ಅವನು ಸುಮ್ಮನಿರುತ್ತಾನೆ. ಹಿತ್ತಾಳೆ, ತಾಮ್ರ ತೂಕದ ಲೆಕ್ಕದಲ್ಲಿ ಹೋಗುತ್ತವೆ, ಕೆತ್ತನೆಗೆ ಬೆಲೆಯೇ ಇಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆ, ವಿಗ್ರಹದಂಥ ಕಲಾವಸ್ತುಗಳು ಪುರಾತನ ವಸ್ತುಗಳು. ಇತಿಹಾಸ, ಸಾಹಿತ್ಯದ ದೃಷ್ಟಿಯಿಂದ ಬೆಲೆಯುಳ್ಳ ತಾಳೆಗರಿ, ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷವಾಗಿದ್ದರೂ ಸಾಕು. ಅವುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ದೇವರ ಗೂಡಿನ ಹಿಂದೆ ತಾಳೆಗರಿ ಕಟ್ಟು ಇದ್ದರೆ ಗುಜರಿಗೆ ಹಾಕುವ ಮುಂಚೆ ಓದಬಲ್ಲವರಿಗೆ ತೋರಿಸಿ. ಫ. ಗು. ಹಳಕಟ್ಟಿಯವರು ವಚನಗಳ ಕಟ್ಟುಗಳನ್ನು ಹುಡುಕಿ ಕೂಡಿಸಿದ್ದು ಇಂಥ ಮನೆಗಳಿಂದಲೇ.

ಹಾಗಾದರೆ ಮಾಡುವುದು ಹೇಗೆ? ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ.

ಮೊದಲು, ಮನೆಯ ಹಿರಿಯರ ಜೊತೆ ಒಂದು ರಾತ್ರಿ ನಡೆಯಿರಿ. ಮಂಚದಿಂದ ಬಚ್ಚಲಿಗೆ ಹೋಗುವಾಗ ಅವರ ಕೈ ಎಲ್ಲೆಲ್ಲಿ ಊರುತ್ತದೆ ನೋಡಿ. ಆ ದಾರಿಯ ಸಾಮಾನು ತೆಗೆಯುವುದಾದರೆ ಅಲ್ಲಿ ಹಿಡಿದುಕೊಳ್ಳಲು ಬೇರೆ ಏನಾದರೂ ಇಟ್ಟ ಮೇಲೆಯೇ ತೆಗೆಯಿರಿ. ಹೊಸದಾಗಿ ಜೋಡಿಸಿದ ಮೇಲೆ ಹಗಲಿನಲ್ಲಿ ನಾಲ್ಕಾರು ಸಲ ಅವರನ್ನು ಕೈಹಿಡಿದು ಓಡಾಡಿಸಿ.

ಎರಡನೆಯದು, ಕಾಗದವನ್ನು ಕೊನೆಗೆ ಮುಟ್ಟಿ. ಒಂದೊಂದನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರು ಮೂವರಿಗೆ ಕಳಿಸಿ. ಮೂಲ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ.

ಮೂರನೆಯದು, ಮರದ ಸಾಮಾನನ್ನು ಗೋಡೆಗೆ ತಾಗಿಸಬೇಡಿ. ಒಂದು ಗೇಣು ಬಿಟ್ಟರೆ ಮಳೆಗಾಲದ ಥಂಡಿ ಏರುವುದಿಲ್ಲ, ಗೆದ್ದಲು ಹತ್ತಿದರೆ ಬೇಗ ಕಾಣುತ್ತದೆ, ಗುಡಿಸುವವರಿಗೂ ಸುಲಭ.

ನಾಲ್ಕನೆಯದು, ಗುಡಿಸುವವರಿಗೂ ಒಂದು ಓಟು ಕೊಡಿ. ಒಂದು ಸಾಮಾನು ಉಳಿಸಬೇಕು ಎನ್ನುವವರು ಅದನ್ನು ಒರೆಸುವ ಕೆಲಸವನ್ನೂ ವಹಿಸಿಕೊಳ್ಳಲಿ. ಹೀಗೆ ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಮ್ಮ ಪತ್ತಾಯ ಮತ್ತೆ ಸಿಗಲಿಲ್ಲ. ಕೊಂಡವರಿಗೆ ಫೋನ್ ಮಾಡಿದಾಗ ಅದು ಆಗಲೇ ಘಟ್ಟ ಇಳಿದು ಹೋಗಿತ್ತು. ಟೀಪಾಯಿಯನ್ನು ಮೆತ್ತಿಗೆ ಹಾಕಿದೆವು. ಸೋಫಾವನ್ನು ಜಗುಲಿಗೆ ಸರಿಸಿ, ಪತ್ತಾಯ ಇದ್ದ ಕಡೆ ಗೋಡೆಗುಂಟ ಉದ್ದಕ್ಕೆ ಒಂದು ಮರದ ಹಿಡಿಕೆ ಹೊಡೆಸಿದೆವು. ಎತ್ತರ ಎಷ್ಟಿರಬೇಕು ಎಂದು ಬಡಗಿ ಕೇಳಿದಾಗ ಅಜ್ಜಿಯನ್ನೇ ಕರೆದು ನಿಲ್ಲಿಸಿದೆವು. ಅವಳು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲೆ ಕೈ ಇಟ್ಟು "ಇಲ್ಲಿ" ಅಂದಳು. ಬಡಗಿ ಅಲ್ಲೇ ಪೆನ್ಸಿಲಿನಲ್ಲಿ ಗೆರೆ ಎಳೆದ.

ಪತ್ತಾಯ ಮಾರುವ ದಿನ ನಾವು ಅವಳನ್ನು ಏನೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲಿ ಪಿಕಪ್ ಅಂಗಳಕ್ಕೆ ಬರುವ ಮುಂಚೆ ನೀವು ಕೇಳಿ.