ಮೊದಲು ಅಳತೆ, ಆಮೇಲೆ ಹಾರ

ರವಿಕೆ ಹೊಲಿಯುವ ದರ್ಜಿ ತೋಳು, ಎದೆ, ಉದ್ದ ಎಲ್ಲ ಅಳೆಯುತ್ತಾನೆ. ನಡೆಯಲಾರದ ಅಜ್ಜಿಗೆ ಗಾಲಿಕುರ್ಚಿ ಹಂಚುವವರ ಬಳಿ ಮಾತ್ರ ಟೇಪೇ ಇರುವುದಿಲ್ಲ! ವೇದಿಕೆ, ಹಾರ, ಫೋಟೋ, ಮುಗಿಯಿತು. ನಮ್ಮ ಬೀದಿಯಲ್ಲೇ ಅಂಥದೊಂದು ಕುರ್ಚಿಯ ಮೇಲೆ ಈಗ ಮಡಿಸದ ಬಟ್ಟೆಯ ರಾಶಿ. ಹೊಸ್ತಿಲು ದಾಟದ, ಬಚ್ಚಲ ಬಾಗಿಲಲ್ಲಿ ಹಿಡಿಸದ ಕುರ್ಚಿ ಇನ್ನೇನಾದೀತು?

ಅಂಗವಿಕಲರಿಗೆ 1981ರಲ್ಲಿ, ಬಡ ವೃದ್ಧರಿಗೆ 2017ರಲ್ಲಿ ಸಾಧನ ಕೊಡುವ ಯೋಜನೆಗಳನ್ನು ಕೇಂದ್ರ ಸರ್ಕಾರ ತಂದಿತು. ಬೇಡವೆಂದವರು ಯಾರು? ಆದರೆ ಆಳನ್ನೂ ಮನೆಯನ್ನೂ ವಿಚಾರಿಸಿ, ಅಳತೆಗೆ ಹೊಂದಿಸಿ, ಬಳಸಲು ಕಲಿಸಿ, ಆಮೇಲೂ ಕೇಳಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಗಾಲಿಕುರ್ಚಿಯ ಬಗ್ಗೆ ಹೇಳಿದೆಯಲ್ಲ!

ಊರುಗೋಲೂ ಅಷ್ಟೇ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕಿರಬೇಕು. ಬಲಗಾಲು ನೋವಾದರೆ ಎಡಗೈಯಲ್ಲಿ ಹಿಡಿಯಬೇಕು. ಇಷ್ಟು ಹೇಳಲು ಎರಡು ನಿಮಿಷ ಸಾಕು. ಅದನ್ನೂ ಹೇಳದೆ, "ಕೊಟ್ಟರೂ ಬಳಸುವುದಿಲ್ಲ, ಮುದುಕರ ಹಟ" ಎಂದು ದೂರುತ್ತಾರೆ. ಕೊನೆಗೆ ಅತ್ತೆಯನ್ನು ಎತ್ತಿ ಇಳಿಸಿ ಸೋಲುವ ಸೊಂಟ ಯಾರದು? ನಮ್ಮದೇ ತಾನೆ?

ದಾನವೆಂದು ನಾವು ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಶಿಬಿರಕ್ಕೆ ಹೋಗುವಾಗ ಬಚ್ಚಲ ಬಾಗಿಲಿನ ಅಗಲ ಬರೆದುಕೊಂಡು ಹೋಗಿ. ಹೊಂದದಿದ್ದರೆ ಬೇಡವೆನ್ನಿ, ಹೊಂದುವುದನ್ನೇ ಕೇಳಿ.